ಬಯೋಚಾರ್ ಮೊದಲೋ, ಅಕ್ಕಡಿ ಮೊದಲೋ? ಎರೆ ಹೊಲಕ್ಕೊಂದು ಲೆಕ್ಕ, ಮಸಾರಿಗೆ ಇನ್ನೊಂದು

ಈಗೀಗ ತರಕಾರಿ ಬೆಳೆಯುವವರ ಬಾಯಲ್ಲಿ ಎರಡು ಮಾತು ಜಾಸ್ತಿ ಕೇಳಿಬರುತ್ತಿವೆ. ಒಂದು ಬಯೋಚಾರ್, ಅಂದರೆ ಗಾಳಿ ಸಿಗದ ಹಾಗೆ ಸುಟ್ಟ ಇದ್ದಿಲನ್ನು ಮಣ್ಣಿಗೆ ಸೇರಿಸುವುದು. ಇನ್ನೊಂದು ಅಂತರ ಬೆಳೆ, ನಮ್ಮ ಹಿರಿಯರು ಅಕ್ಕಡಿ ಅಂತ ಮೊದಲಿಂದಲೂ ಮಾಡಿಕೊಂಡು ಬಂದದ್ದು. ಎರಡನ್ನೂ ಒಟ್ಟಿಗೆ ಮಾಡಿದರೆ ಮಣ್ಣು ಬಂಗಾರ ಅಂತ ವಿಡಿಯೋದಲ್ಲಿ ಹೇಳುತ್ತಾರೆ. ಇರಬಹುದು. ಆದರೆ ಆಳು, ನೀರು, ದುಡ್ಡು ಮೂರೂ ಅಷ್ಟಕ್ಕಷ್ಟೇ ಇರುವ ಮನೆಯಲ್ಲಿ ಮೊದಲು ಯಾವುದಕ್ಕೆ ಕೈ ಹಾಕಬೇಕು ಅನ್ನುವುದೇ ಪ್ರಶ್ನೆ, ಅಲ್ವಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎರೆ ಹೊಲ, ಅಂದರೆ ಕಪ್ಪು ಮಣ್ಣು ಇದ್ದರೆ ಅಕ್ಕಡಿ ಮೊದಲು. ಬಯೋಚಾರ್ ಸಸಿ ಮಡಿಗೆ, ಹಿತ್ತಲಿಗೆ ಸಾಕು. ಮಸಾರಿ, ಅಂದರೆ ನೀರು ನಿಲ್ಲದ ಹಗುರ ಮಣ್ಣು, ಅಥವಾ ಉಸುಕು ಮಣ್ಣಿದ್ದರೆ, ಇಲ್ಲವೇ ಖಾನಾಪುರ ಕಡೆಯ ಕೆಂಪು ಮಣ್ಣಿದ್ದರೆ, ಬಯೋಚಾರ್‌ಗೆ ಪಟ್ಟ ಶ್ರಮ ಕೈಗೆ ಬರುತ್ತದೆ. ಉಪ್ಪು ಮೇಲೆದ್ದ ಸವಳು ಹೊಲ ಇದ್ದರೆ ಎರಡನ್ನೂ ಪಕ್ಕಕ್ಕಿಟ್ಟು ಮೊದಲು ಬಸಿಗಾಲುವೆ ತೋಡಿ.

ಮಣ್ಣು ನೋಡದೆ ತೀರ್ಮಾನ ಬೇಡ

ವಿಜಯಪುರ ಜಿಲ್ಲೆಯಲ್ಲಿ ಎರೆ ಹೊಲವೇ ಹೆಚ್ಚು. ಡೋಣಿ ನದಿಯ ಆಜುಬಾಜು ಇರುವುದಂತೂ ಆಳವಾದ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತದೆ. ಈ ಮಣ್ಣಿಗೆ ನೀರು ಹಿಡಿಯುವ ಗುಣವೂ ಇದೆ, ಗೊಬ್ಬರದ ಸತ್ವ ಹಿಡಿದಿಡುವ ಗುಣವೂ ಇದೆ. ಬಯೋಚಾರ್‌ನಿಂದ ನಾವು ಬಯಸುವುದು ಮುಖ್ಯವಾಗಿ ಇವೇ ಎರಡು. ಮೊದಲೇ ಇರುವುದಕ್ಕೆ ಮತ್ತೆ ದುಡ್ಡು ಸುರಿದರೆ ಎಷ್ಟು ಲಾಭ ಬಂದೀತು?

ಎರೆ ಮಣ್ಣಿನ ತೊಂದರೆ ಬೇರೆ ಕಡೆ ಇದೆ. ಅದರ ರಸಸಾರ, ಅಂದರೆ ಪಿಎಚ್, 8 ದಾಟಿರುವುದು ನಮ್ಮ ಕಡೆ ಮಾಮೂಲು. ಕೆದರಿದರೆ ಬಿಳಿ ಸುಣ್ಣದ ಹರಳು ಸಿಗುತ್ತವೆ. ಅದರ ಮೇಲೆ ಲಿಂಬೆ ರಸ ಹಿಂಡಿ ನೋಡಿ, ನೊರೆ ಎದ್ದರೆ ಸುಣ್ಣ ಅಂತ ಖಾತ್ರಿ. ಇಂಥ ಮಣ್ಣಿನಲ್ಲಿ ಸತು, ಕಬ್ಬಿಣ ಇದ್ದರೂ ಬೇರಿಗೆ ಸರಿಯಾಗಿ ಸಿಗುವುದಿಲ್ಲ. ಮೆಣಸಿನ ಗಿಡದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಕಾಣುತ್ತದಲ್ಲ, ಅದು ಕಬ್ಬಿಣದ ಕೊರತೆ. ಈಗ ಬಯೋಚಾರ್‌ನ ರಸಸಾರ ಎಷ್ಟು? ಹೆಚ್ಚಿನವು 8 ರಿಂದ 10 ರ ನಡುವೆ. ಅದರಲ್ಲಿರುವ ಬೂದಿಯೂ ಕ್ಷಾರವೇ. ಇಂಥದ್ದನ್ನು ಎರೆ ಹೊಲಕ್ಕೆ ಟನ್‌ಗಟ್ಟಲೆ ಸುರಿದರೆ ಇದ್ದ ತೊಂದರೆಗೆ ಇನ್ನಷ್ಟು ಸೇರಿಸಿದ ಹಾಗಾಗುತ್ತದೆ.

ಮಸಾರಿಯ ಕಥೆ ಬೇರೆ. ಬಾದಾಮಿ ಸುತ್ತಮುತ್ತ ಕೆಂಪು ಕಲ್ಲು ಸವೆದು ಆದ ಉಸುಕು ಮಿಶ್ರಿತ ಮಣ್ಣು ನೋಡಿದ್ದೀರಲ್ಲ, ನೀರು ಬಿಟ್ಟರೆ ಸರ‍್ರನೆ ಇಳಿದುಹೋಗುತ್ತದೆ. ಯೂರಿಯಾ ಹಾಕಿದರೆ ಅದೂ ನೀರಿನ ಹಿಂದೆಯೇ ಹೋಗುತ್ತದೆ. ಅಲ್ಲಿ ಬಯೋಚಾರ್‌ನ ಸಣ್ಣ ಸಣ್ಣ ತೂತುಗಳು ನೀರನ್ನೂ ಸತ್ವವನ್ನೂ ಹಿಡಿದಿಡುತ್ತವೆ. ಖಾನಾಪುರ ತಾಲೂಕಿನ ಪಶ್ಚಿಮ ಭಾಗದಲ್ಲಿ ಮಳೆ ವಿಪರೀತ. ಸುಣ್ಣದ ಅಂಶವೆಲ್ಲ ತೊಳೆದುಹೋಗಿ ಮಣ್ಣು ಹುಳಿಯಾಗಿದೆ. ಅಲ್ಲಿ ಇದ್ದಿಲಿನ ಕ್ಷಾರವೇ ಔಷಧ.

ಬ್ರೆಜಿಲ್‌ನ ಅಮೆಜಾನ್ ಕಾಡಿನ ಕಪ್ಪು ಮಣ್ಣಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿನ ಹಳೇ ಜನ ಇದ್ದಿಲು, ಎಲುಬು, ಅಡುಗೆಮನೆ ಕಸ ಎಲ್ಲಾ ಸೇರಿಸಿ ಮಾಡಿದ ಮಣ್ಣು ಇವತ್ತಿಗೂ ಫಲವತ್ತಾಗಿದೆ ಅಂತ. ನಿಜವೇ. ಆದರೆ ಅದು ಹುಳಿ ಮಣ್ಣಿನ, ದಿನಾ ಮಳೆ ಬೀಳುವ ಊರಿನ ಕಥೆ. ಬೇರೆ ಬೇರೆ ದೇಶಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹೇಳುವುದೂ ಇದನ್ನೇ. ಹುಳಿಯಾದ, ಸತ್ವ ಕಡಿಮೆ ಇರುವ ಉಷ್ಣವಲಯದ ಮಣ್ಣಿನಲ್ಲಿ ಬಯೋಚಾರ್ ಇಳುವರಿ ಹೆಚ್ಚಿಸುತ್ತದೆ, ಮೊದಲೇ ಚೆನ್ನಾಗಿರುವ ಮಣ್ಣಿನಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ವಿಜಯಪುರ ಜಿಲ್ಲೆಯ ಇಂಡಿಯಲ್ಲೋ ಸಿಂದಗಿಯಲ್ಲೋ ಕೂತು ಅಮೆಜಾನ್ ವಿಡಿಯೋ ನೋಡಿ ಆರ್ಡರ್ ಮಾಡುವ ಮೊದಲು ಇದನ್ನು ನೆನಪಿಡಿ.

ಹಾಗಾಗಿ ಮೊದಲ ಕೆಲಸ ಮಣ್ಣು ಪರೀಕ್ಷೆ. 2015 ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇರುತ್ತವೆ. ಎಲ್ಲಾ ಓದಬೇಕಾಗಿಲ್ಲ. ಮೂರು ನೋಡಿ: ರಸಸಾರ, ಲವಣಾಂಶ, ಸಾವಯವ ಇಂಗಾಲ. ರಸಸಾರ 6.5 ಕ್ಕಿಂತ ಕಡಿಮೆ ಇದ್ದರೆ ಬಯೋಚಾರ್‌ಗೆ ಧೈರ್ಯವಾಗಿ ಕೈ ಹಾಕಿ. 8 ದಾಟಿದ್ದರೆ ಇಡೀ ಹೊಲಕ್ಕೆ ಹಾಕುವ ಯೋಚನೆ ಬಿಡಿ. ಸಾವಯವ ಇಂಗಾಲ ಶೇ. 0.5 ಕ್ಕಿಂತ ಕಡಿಮೆ ಇದ್ದರೆ, ನಮ್ಮ ಕಡೆ ಬಹಳ ಹೊಲಗಳಲ್ಲಿ ಹಾಗೇ ಇರುತ್ತದೆ, ತಿಪ್ಪೆ ಗೊಬ್ಬರವೂ ಬೇಳೆಕಾಳಿನ ಅಕ್ಕಡಿಯೂ ಎರಡೂ ಬೇಕೇ ಬೇಕು.

ಸವಳು ಹೊಲದವರಿಗೆ ಒಂದು ಮಾತು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಕಾಲುವೆ ನೀರು ಮಿತಿ ಮೀರಿ ಹರಿಸಿದ ಕಡೆ ಬಿಳಿ ಉಪ್ಪು ಮೇಲೆದ್ದಿರುವ ಹೊಲಗಳಿವೆ. ಅಲ್ಲಿ ನಿಂತ ನೀರು ಹೊರಗೆ ಹೋಗುವ ದಾರಿ ಮೊದಲು ಆಗಬೇಕು. ಆಮೇಲೆ ಪರೀಕ್ಷೆಯಲ್ಲಿ ಬಂದಷ್ಟು ಜಿಪ್ಸಂ, ಆಮೇಲೆ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಮಣ್ಣಿಗೆ ಸೇರಿಸುವುದು. ಬಯೋಚಾರ್ ಮಾರುವವರು ಸವಳಿಗೂ ಇದೇ ಮದ್ದು ಅಂದರೆ ನಂಬಬೇಡಿ.

ಬಯೋಚಾರ್‌ನ ಲೆಕ್ಕ ಹಾಕಿ ನೋಡಿ

ಪ್ರಯೋಗಗಳಲ್ಲಿ ಹೆಕ್ಟೇರಿಗೆ 10 ಟನ್ ಹಾಕುವುದು ಸಾಮಾನ್ಯ. ಅಂದರೆ ಒಂದು ಚದರ ಮೀಟರಿಗೆ 1 ಕೆಜಿ, ಗುಂಟೆಗೆ 100 ಕೆಜಿ, ಎಕರೆಗೆ 40 ಕ್ವಿಂಟಲ್. ಕೇಳಲು ಸುಲಭ. ಈಗ ಅದನ್ನು ಮಾಡುವ ಲೆಕ್ಕ ನೋಡಿ. ಊರಲ್ಲಿ ಗುಂಡಿಯಲ್ಲೋ ಡ್ರಮ್ಮಿನಲ್ಲೋ ಸುಟ್ಟರೆ ಒಣ ಕಟ್ಟಿಗೆಯ ಕಾಲು ಭಾಗದಷ್ಟು ತೂಕದ ಇದ್ದಿಲು ಸಿಕ್ಕರೆ ಅದೇ ಹೆಚ್ಚು. 40 ಕ್ವಿಂಟಲ್ ಬೇಕಾದರೆ 16 ಟನ್ ಒಣ ಕಟ್ಟಿಗೆ ಬೇಕು. ಒಂದು ಎಕರೆ ಹತ್ತಿಯಿಂದ ಹೆಚ್ಚು ಕಡಿಮೆ ಒಂದು ಟನ್ ಕಟ್ಟಿಗೆ ಬರುತ್ತದೆ ಅಂತ ಹಿಡಿಯಿರಿ. ಒಂದು ಎಕರೆ ತರಕಾರಿಗೆ 16 ಎಕರೆ ಹತ್ತಿ! ಯಾರ ಹತ್ತಿರ ಇದೆ?

ಅದಕ್ಕೇ ಇಡೀ ಹೊಲಕ್ಕೆ ಎರಚುವ ಮಾತು ಬಿಟ್ಟು ಗುಣಿಗೆ ಹಾಕುವ ಲೆಕ್ಕ ಹಿಡಿಯುವುದು ಒಳ್ಳೆಯದು. ಮುಳಗಾಯಿಯನ್ನು (ಬದನೆ) 3 ಅಡಿಗೆ 2 ಅಡಿ ಅಂತರದಲ್ಲಿ ಹಚ್ಚಿದರೆ ಎಕರೆಗೆ 7260 ಗಿಡ. ಗುಣಿಗೆ 100 ಗ್ರಾಂ ಹಾಕಿದರೆ ಏಳೂಕಾಲು ಕ್ವಿಂಟಲ್ ಸಾಕು. ಮೂರು ಎಕರೆ ಹತ್ತಿ ಕಟ್ಟಿಗೆಯಲ್ಲಿ ಆಗುತ್ತದೆ. ಮಸಾರಿಯಲ್ಲಿ ಕಾಯಿಪಲ್ಯೆ ಬೆಳೆಯುವವರಿಗೆ ಇದು ಆಗುವಂಥ ಕೆಲಸ. ಇದ್ದಿಲು ಕೊಳೆತು ಹೋಗುವುದಿಲ್ಲ, ನೂರಾರು ವರ್ಷ ಮಣ್ಣಿನಲ್ಲೇ ಇರುತ್ತದೆ. ಹಾಗಾಗಿ ವರ್ಷ ವರ್ಷ ಹಾಕಬೇಕಾಗಿಲ್ಲ, ಈ ವರ್ಷ ಎರಡು ಗುಂಟೆ, ಮುಂದಿನ ವರ್ಷ ಇನ್ನೆರಡು ಅಂತ ನಿಧಾನಕ್ಕೆ ಹೋಗಬಹುದು. ತಿಪ್ಪೆ ಗೊಬ್ಬರಕ್ಕೆ ಈ ಗುಣ ಇಲ್ಲ. ನಮ್ಮ ಬಿಸಿಲಿಗೆ ಅದು ಬೇಗ ಕರಗಿಹೋಗುತ್ತದೆ. ಬಯೋಚಾರ್‌ಗೆ ನಾನು ಕೊಡುವ ದೊಡ್ಡ ಅಂಕ ಇದೊಂದೇ.

ಯಾವುದನ್ನು ಸುಡಬೇಕು, ಯಾವುದನ್ನು ಬಿಡಬೇಕು ಅನ್ನುವುದೂ ಮುಖ್ಯ. ಜೋಳದ ಕಣಿಕೆ ದನದ ಬಾಯಿಗೆ ಹೋಗುವುದು, ಅದನ್ನು ಮುಟ್ಟಬೇಡಿ. ಕಬ್ಬಿನ ರವದಿ, ಅಂದರೆ ಒಣ ಗರಿ, ಹಗುರ, ಬೇಗ ಬೂದಿಯಾಗುತ್ತದೆ. ಅದನ್ನು ಸಾಲಿನಲ್ಲೇ ಹಾಸಿದರೆ ತೇವ ಉಳಿಯುತ್ತದೆ, ಕೊಳೆತು ಗೊಬ್ಬರವೂ ಆಗುತ್ತದೆ. ರವದಿಗೆ ಬೆಂಕಿ ಇಟ್ಟು "ಇದೂ ಬಯೋಚಾರ್ ಅಲ್ಲೇನ್ರೀ" ಅನ್ನುವವರಿದ್ದಾರೆ. ಅಲ್ಲ. ಬಯಲಲ್ಲಿ ಸುಟ್ಟರೆ ಉಳಿಯುವುದು ಬೂದಿ, ಸಾರಜನಕ, ಗಂಧಕ ಹೊಗೆಯ ಜೊತೆ ಹೋಗುತ್ತವೆ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಬೂದಿಯನ್ನು ಟ್ರ್ಯಾಕ್ಟರ್‌ಗಟ್ಟಲೆ ತಂದು ಅದಕ್ಕೇ ಬಯೋಚಾರ್ ಅಂತ ಹೆಸರಿಟ್ಟವರೂ ಇದ್ದಾರೆ. ಅದರಲ್ಲಿ ಹೆಚ್ಚಿನ ಇಂಗಾಲ ಸುಟ್ಟುಹೋಗಿರುತ್ತದೆ, ಎರೆ ಹೊಲಕ್ಕೆ ಅದಂತೂ ಬೇಡವೇ ಬೇಡ.

ಹತ್ತಿ ಕಟ್ಟಿಗೆ ಮಾತ್ರ ಸುಡಲೇಬೇಕಾದ ಸರಕು. ಒಡ್ಡಿನ ಮೇಲೆ ರಾಶಿ ಹಾಕಿಟ್ಟರೆ ಗುಲಾಬಿ ಕಾಯಿಕೊರಕ ಅದರಲ್ಲೇ ಅಡಗಿ ಮುಂದಿನ ಹಂಗಾಮಿಗೆ ಬರುತ್ತದೆ. ತೊಗರಿ ಕಟ್ಟಿಗೆ, ಗೋವಿನಜೋಳದ ಬೆಂಡು ಒಳ್ಳೆಯ ಇದ್ದಿಲು ಕೊಡುತ್ತವೆ, ಆದರೆ ಮನೆಯಲ್ಲಿ ಒಲೆ ಉರಿಯುತ್ತಿದ್ದರೆ ಅವ್ವನನ್ನು ಕೇಳದೆ ಎತ್ತಬೇಡಿ. ಬಳ್ಳಾರಿ ಜಾಲಿ ಎಲ್ಲಿ ನೋಡಿದರೂ ಇದೆ, ಅದು ಚೊಕ್ಕ ಇದ್ದಿಲು. ದಾಳಿಂಬೆಯವರು ದುಂಡಾಣು ರೋಗ ಬಂದ ರೆಂಬೆ ಕತ್ತರಿಸಿ ಹೇಗೂ ಸುಡುತ್ತಾರೆ, ಅದನ್ನೇ ಇದ್ದಿಲು ಮಾಡಿಕೊಳ್ಳಬಹುದು. ದ್ರಾಕ್ಷಿ ಚಾಟ್ನಿ ಮಾಡಿದ, ಅಂದರೆ ಕತ್ತರಿಸಿ ಸವರಿದ ಕಡ್ಡಿ ವರ್ಷಕ್ಕೆ ಎರಡು ಸಲ ಸಿಗುತ್ತದೆ. ಅದರ ಮೇಲೆ ತಾಮ್ರದ ಔಷಧ ಬಹಳ ಬಿದ್ದಿದ್ದರೆ ತಾಮ್ರ ಇದ್ದಿಲಿನಲ್ಲೇ ಉಳಿಯುತ್ತದೆ ಅನ್ನುವುದು ಗೊತ್ತಿರಲಿ. ಹರಿದ ಡ್ರಿಪ್ ಪೈಪು, ಬಣ್ಣದ ಕಟ್ಟಿಗೆ ಗುಂಡಿಗೆ ಬೀಳಬಾರದು.

ಮಾಡುವ ಬಗೆ ಕಷ್ಟದ್ದಲ್ಲ. ಹೈದರಾಬಾದಿನ ಒಣಬೇಸಾಯ ಸಂಶೋಧನಾ ಕೇಂದ್ರ, ಕ್ರೀಡಾ ಅಂತಾರಲ್ಲ, ಅವರು 200 ಲೀಟರಿನ ಎಣ್ಣೆ ಡ್ರಮ್ಮಿನಿಂದಲೇ ಒಂದು ಬಯೋಚಾರ್ ಭಟ್ಟಿ ರೂಪಿಸಿದ್ದಾರೆ. ಡ್ರಮ್ಮು ಇಲ್ಲದಿದ್ದರೆ ಗುಂಡಿಯೂ ಆಗುತ್ತದೆ. ಮೇಲೆ ಐದಡಿ ಅಗಲ, ಆಳ ಎರಡೂವರೆಯಿಂದ ಮೂರಡಿ, ಕೆಳಗೆ ಹೋದಂತೆ ಕಿರಿದಾಗಬೇಕು. ಕಟ್ಟಿಗೆ ಚಟ್ ಅಂತ ಮುರಿಯುವಷ್ಟು ಒಣಗಿರಬೇಕು. ಮೊದಲು ಸ್ವಲ್ಪ ಪುಳ್ಳೆ ಹಾಕಿ ಮೇಲಿನಿಂದ ಬೆಂಕಿ ಹಚ್ಚಿ. ಕೆಂಡದ ಮೇಲೆ ತೆಳ್ಳಗೆ ಬಿಳಿ ಬೂದಿ ಕಾಣತೊಡಗಿದ ಕೂಡಲೇ ಇನ್ನೊಂದು ಪದರ ಕಟ್ಟಿಗೆ. ಅದು ಉರಿದು ಬೂದಿ ಕಂಡ ಕೂಡಲೇ ಮತ್ತೊಂದು. ಮೇಲಿನ ಉರಿಯೇ ಗಾಳಿಯನ್ನೆಲ್ಲ ತಿನ್ನುವುದರಿಂದ ಕೆಳಗಿನ ಪದರ ಬೂದಿಯಾಗದೆ ಇದ್ದಿಲಾಗಿ ನಿಲ್ಲುತ್ತದೆ. ಹೊಗೆ ದಟ್ಟವಾಗಿ ಬಂದರೆ ಕಟ್ಟಿಗೆ ಹಸಿ ಇದೆ ಅಥವಾ ಒಮ್ಮೆಲೇ ಜಾಸ್ತಿ ಹಾಕಿದ್ದೀರಿ ಅಂತ ಅರ್ಥ. ಗುಂಡಿ ತುಂಬಿದ ಮೇಲೆ ನೀರು ಹೊಡೆದು ಪೂರ್ತಿ ಆರಿಸಬೇಕು. ಮೇಲೆ ಆರಿದ ಹಾಗೆ ಕಂಡು ಒಳಗೆ ಕೆಂಡ ಇರುತ್ತದೆ, ಸಲಿಕೆಯಿಂದ ಮಗುಚಿ ಮತ್ತೆ ನೀರು ಹೊಡೆಯಿರಿ. ಗಾಳಿ ಬೀಸುವ ದಿನ, ಕಣಿಕೆ ಬಣವೆಯ ಹತ್ತಿರ, ಮುಚ್ಚಿದ ಶೆಡ್ಡಿನೊಳಗೆ ಈ ಕೆಲಸ ಬೇಡ. ಅದರ ವಿಷಗಾಳಿಗೆ ವಾಸನೆ ಇರುವುದಿಲ್ಲ.

ಚೆನ್ನಾಗಿ ಸುಟ್ಟಿದೆಯೋ ಇಲ್ಲವೋ ಕೈಯಲ್ಲೇ ಗೊತ್ತಾಗುತ್ತದೆ. ಒಂದು ತುಂಡು ತಗೊಂಡು ಅಂಗೈಯಲ್ಲಿ ಉಜ್ಜಿ ನೀರಲ್ಲಿ ತೊಳೆಯಿರಿ. ಬರೀ ನೀರಿಗೆ ಕರಿ ಹೋದರೆ ಸರಿಯಾಗಿದೆ. ಎಣ್ಣೆ ಎಣ್ಣೆಯಾಗಿ ಅಂಟಿಕೊಂಡು ಸೋಪು ಬೇಕೆನಿಸಿದರೆ ಅರ್ಧ ಬೆಂದದ್ದು, ಅದರಲ್ಲಿರುವ ಡಾಂಬರಿನಂಥ ಅಂಶ ಸಸಿಗೆ ಒಳ್ಳೆಯದಲ್ಲ. ಅಂಥ ತುಂಡು ಆರಿಸಿ ಮುಂದಿನ ಗುಂಡಿಗೆ ಹಾಕಿ.

ಇನ್ನು ಹೆಚ್ಚಿನವರು ಬಿಟ್ಟುಬಿಡುವ ಹಂತ. ಗೊಬ್ಬರ ತುಂಬದ ಹಸಿ ಇದ್ದಿಲನ್ನು ನೇರ ಹೊಲಕ್ಕೆ ಹಾಕಬಾರದು. ಅದು ಕಾಳು ತುಂಬಿಡುವ ಖಾಲಿ ಹಗೇವಿನ ಹಾಗೆ, ಮೊದಲು ತಾನೇ ತುಂಬಿಕೊಳ್ಳುತ್ತದೆ. ಮಣ್ಣಿನಲ್ಲಿದ್ದ ಸಾರಜನಕವನ್ನು ಎಳೆದುಕೊಂಡು ಮೊದಲ ಬೆಳೆ ಸೊರಗುವಂತೆ ಮಾಡುತ್ತದೆ. ಗೋದಿ ಕಾಳಿನಷ್ಟು ದಪ್ಪಕ್ಕೆ ಕುಟ್ಟಿ, ಒಂದು ಬುಟ್ಟಿ ಇದ್ದಿಲಿಗೆ ಒಂದರಿಂದ ಎರಡು ಬುಟ್ಟಿ ಕಳಿತ ತಿಪ್ಪೆ ಗೊಬ್ಬರ ಸೇರಿಸಿ, ಗೋಮೂತ್ರವೋ ಜೀವಾಮೃತವೋ ಚಿಮುಕಿಸಿ, ನೆರಳಿನಲ್ಲಿ ಎರಡರಿಂದ ನಾಲ್ಕು ವಾರ ತೇವವಾಗಿ ಇಡಿ. ಕುಟ್ಟುವಾಗ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿ. ಆ ಧೂಳು ಎದೆಗೆ ಒಳ್ಳೆಯದಲ್ಲ. ದನ ಕಟ್ಟುವವರಿಗೆ ಇನ್ನೂ ಸುಲಭದ ದಾರಿ ಇದೆ. ಕೊಟ್ಟಿಗೆಯಲ್ಲಿ ಉಚ್ಚೆ ಹರಿಯುವ ಜಾಗಕ್ಕೆ ಇದ್ದಿಲು ಪುಡಿ ಹರಡಿ, ನಾಲ್ಕಾರು ದಿನಕ್ಕೊಮ್ಮೆ ಬಳಿದು ತಿಪ್ಪೆಗೆ ಎಸೆಯಿರಿ. ವಾಸನೆಯೂ ಕಡಿಮೆ, ತುಂಬುವ ಕೆಲಸವೂ ತಾನಾಗಿಯೇ ಆಗುತ್ತದೆ.

ಅಕ್ಕಡಿಯ ಲಾಭ ಎಲ್ಲಿದೆ, ಸಿಕ್ಕು ಎಲ್ಲಿದೆ

ಎಳ್ಳು ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಹಳಬರ ಹೊಲ ನೋಡಿ. ಬಿಳಿಜೋಳದ ನಡುವೆ ಕಡಲೆ, ಅಂಚಿಗೆ ಕುಸುಬೆ. ಕುಸುಬೆಯ ಮುಳ್ಳಿಗೆ ದನ ಒಳಗೆ ಬರುವುದಿಲ್ಲ. ಬೆಳಗಾವಿ, ಧಾರವಾಡ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಇಡುವ ರೂಢಿಯೂ ಹಳೆಯದು. ಉಳ್ಳಾಗಡ್ಡಿ ಮೊದಲು ಕಿತ್ತು ದುಡ್ಡಾಗುತ್ತದೆ, ಆಮೇಲೆ ಮೆಣಸಿನಕಾಯಿ, ಕೊನೆಗೆ ಹತ್ತಿ. ಒಂದಕ್ಕೆ ಮಳೆ ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ಬಯೋಚಾರ್‌ಗೂ ಅಕ್ಕಡಿಗೂ ಇರುವ ದೊಡ್ಡ ವ್ಯತ್ಯಾಸ ಇದೇ: ಅಕ್ಕಡಿ ಈ ಹಂಗಾಮಿನಲ್ಲೇ ಕೈಗೆ ದುಡ್ಡು ಕೊಡುತ್ತದೆ. ಕೊತ್ತಂಬರಿ, ಮೆಂತ್ಯ 30 ರಿಂದ 45 ದಿನಕ್ಕೆ ಸಂತೆಗೆ ಹೋಗುತ್ತವೆ. ಇದ್ದಿಲು ಸಂತೆಗೆ ಹೋಗುವುದಿಲ್ಲ.

ಮಣ್ಣಿನ ವಿಷಯಕ್ಕೆ ಬಂದರೆ ಒಂದು ಸಣ್ಣ ಗುಟ್ಟಿದೆ. ಬೇಳೆಕಾಳಿನ ಜಾತಿಯ ಗಿಡಗಳು ಬೇರಿನ ಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿಯುತ್ತವೆ ಅನ್ನುವುದು ಎಲ್ಲರಿಗೂ ಗೊತ್ತು. ಹೂ ಬಿಡುವ ಹೊತ್ತಿಗೆ ಒಂದು ಅಲಸಂದಿ ಗಿಡವನ್ನು ಸಲಿಕೆಯಿಂದ ಮಣ್ಣಿನ ಸಮೇತ ಎಬ್ಬಿಸಿ, ಬೇರು ತೊಳೆದು, ಒಂದು ಗಂಟು ಉಗುರಿನಲ್ಲಿ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆದಿದೆ. ಬಿಳಿಯೋ ಹಸಿರೋ ಇದ್ದರೆ ಸುಮ್ನೆ ಕೂತಿದೆ ಅಂತ ಅರ್ಥ, ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಜೀವಾಣು ಗೊಬ್ಬರ ಹಚ್ಚಿ ಬಿತ್ತಿ. ಆದರೆ ಆ ಸಾರಜನಕ ಪಕ್ಕದ ಟೊಮೆಟೊಗೆ ಅದೇ ದಿನ ಸಿಗುತ್ತದೆ ಅಂತ ಎಣಿಸಬೇಡಿ. ಹೆಚ್ಚಿನದು ಸಿಗುವುದು ಎಲೆ, ಬೇರು ಮಣ್ಣಿನಲ್ಲಿ ಕೊಳೆತ ಮೇಲೆ, ಮುಂದಿನ ಬೆಳೆಗೆ. ಮೆಂತ್ಯವೂ ಇದೇ ಜಾತಿಯದು. ಅದನ್ನು ನಾವು ಬೇರು ಸಮೇತ ಕಿತ್ತು ಸಿವುಡು ಕಟ್ಟಿ ಮಾರುತ್ತೇವೆ. ಹಿಡಿದ ಸಾರಜನಕವೆಲ್ಲ ಸಂತೆಗೆ ಹೋಯಿತು! ದುಡ್ಡಿಗೆ ಮೆಂತ್ಯ ಸರಿ, ಮಣ್ಣಿಗೆ ಅಂದರೆ ಹೆಸರು, ಅಲಸಂದಿ ಇಟ್ಟು ಕಾಯಿ ಬಿಡಿಸಿಕೊಂಡು ಗಿಡವನ್ನು ಅಲ್ಲೇ ಮಣ್ಣಿಗೆ ಸೇರಿಸಬೇಕು.

ಹುಳದ ವಿಷಯದಲ್ಲಿ ಅಕ್ಕಡಿಗೆ ಬಯೋಚಾರ್ ಸಾಟಿಯೇ ಅಲ್ಲ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿದ ಕ್ರಮ ಹೀಗಿದೆ: 16 ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಚೆಂಡು ಹೂ. ಟೊಮೆಟೊ ಸಸಿ 25 ದಿನದ್ದು, ಚೆಂಡು ಹೂವಿನ ಸಸಿ 45 ದಿನದ್ದು, ಎರಡನ್ನೂ ಒಟ್ಟಿಗೆ ಹಚ್ಚಬೇಕು. ಆಗ ಎರಡೂ ಒಂದೇ ಹೊತ್ತಿಗೆ ಹೂ ಬಿಟ್ಟು, ಕಾಯಿಕೊರಕದ ಚಿಟ್ಟೆ ಚೆಂಡು ಹೂವಿಗೆ ಹೋಗಿ ಮೊಟ್ಟೆ ಇಡುತ್ತದೆ. ಬಹಳ ಜನ ಎರಡಕ್ಕೂ ಒಂದೇ ದಿನ ಬೀಜ ಹಾಕಿ, ಹೂ ತಡವಾಗಿ ಬಂದು, "ಇದೆಲ್ಲಾ ಸುಳ್ಳು" ಅನ್ನುತ್ತಾರೆ. ಬೆಳಗಾವಿ ಕಡೆ ಎಲೆಕೋಸು ಬೆಳೆಯುವವರಿಗೆ ಸಾಸಿವೆ ಇದೆ. 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ, ಒಂದನ್ನು ಕೋಸು ಹಚ್ಚುವ 15 ದಿನ ಮೊದಲು, ಇನ್ನೊಂದನ್ನು ಹಚ್ಚಿದ 25 ದಿನದ ಮೇಲೆ ಬಿತ್ತಬೇಕು. ಕೋಸಿನ ಹುಳ ಸಾಸಿವೆಗೆ ಹೋಗುತ್ತದೆ, ಔಷಧ ಆ ಸಾಲಿಗೆ ಹೊಡೆದರೆ ಸಾಕು. ಮೆಣಸಿನಕಾಯಿಯ ಸುತ್ತ ಎರಡು ಮೂರು ಸಾಲು ಗೋವಿನಜೋಳ ಬೇಲಿಯಂತೆ ಒತ್ತಾಗಿ ಬಿತ್ತಿದರೆ ಎಲೆ ಮುದುಡಿಸುವ ರೋಗ ಹೊತ್ತು ತರುವ ಬಿಳಿನೊಣ ಒಳಗೆ ಬರುವುದು ಕಡಿಮೆಯಾಗುತ್ತದೆ. ಚೆಂಡು ಹೂವಿನ ಬೇರಿಗೆ ಇನ್ನೊಂದು ಗುಣ ಇದೆ, ಟೊಮೆಟೊ, ಮುಳಗಾಯಿ ಬೇರಲ್ಲಿ ಗಂಟು ಮಾಡುವ ಜಂತುಹುಳವನ್ನು ಹತ್ತಿಕ್ಕುತ್ತದೆ.

ಈಗ ಸಿಕ್ಕುಗಳು. ಮೊದಲನೆಯದು ಔಷಧ. ಮೆಣಸಿನಕಾಯಿಗೆ ಥ್ರಿಪ್ಸ್ ಬಂತು ಅಂತ ಇವತ್ತು ಔಷಧ ಹೊಡೆದಿರಿ, ನಡುವಿನ ಸಾಲಿನ ಕೊತ್ತಂಬರಿ ನಾಳೆ ಸಂತೆಗೆ ಹೋಗಬೇಕು. ಏನು ಮಾಡುತ್ತೀರಿ? ಡಬ್ಬಿಯ ಚೀಟಿಯ ಮೇಲೆ ಹೊಡೆದ ಮೇಲೆ ಎಷ್ಟು ದಿನ ಕಾಯಬೇಕು ಅಂತ ಬರೆದಿರುತ್ತದೆ, ಅದೂ ಮೆಣಸಿನಕಾಯಿಗೆ ಲೆಕ್ಕ ಹಾಕಿದ್ದು, ಸೊಪ್ಪಿಗೆ ಅಲ್ಲ. ಸೊಪ್ಪನ್ನು ನಾವು ಎಲೆ ಸಮೇತ ತಿನ್ನುತ್ತೇವೆ, ಸಂತೆಯಲ್ಲಿ ಕೊಂಡ ಅಕ್ಕನಿಗೆ ಇದೆಲ್ಲಾ ಗೊತ್ತಿರುವುದಿಲ್ಲ. ಹಾಗಾಗಿ ಔಷಧ ಜಾಸ್ತಿ ಕೇಳುವ ಬೆಳೆಯ ನಡುವೆ ಸೊಪ್ಪು ಇಟ್ಟರೆ, ಮೊದಲ ಔಷಧ ಬೀಳುವ ಮುಂಚೆಯೇ ಸೊಪ್ಪು ಕಿತ್ತು ಮುಗಿದಿರಬೇಕು. ಅದಾಗದಿದ್ದರೆ ಅಲ್ಲಿ ಸೊಪ್ಪು ಇಡಬೇಡಿ, ಉಳ್ಳಾಗಡ್ಡಿ ಇಡಿ.

ಎರಡನೆಯದು ಎಡೆಕುಂಟೆ. ಸಾಲಿನ ನಡುವೆ ಎತ್ತು ಹೋಗದ ಹಾಗೆ ಬೆಳೆ ತುಂಬಿದರೆ ಕಳೆಯೆಲ್ಲ ಕೈಯಲ್ಲೇ ತೆಗೆಯಬೇಕು. ಈಗಿನ ಆಳಿನ ಕೂಲಿಗೆ ಅಕ್ಕಡಿಯ ಲಾಭವೆಲ್ಲ ಅದಕ್ಕೇ ಹೋಗುತ್ತದೆ. ಎರಡು ಸಾಲು ತರಕಾರಿ ಹತ್ತಿರ ಹತ್ತಿರ, ಆಮೇಲೆ ಎಡೆ ಹೊಡೆಯಲು ಜಾಗ, ಆಮೇಲೆ ಅಕ್ಕಡಿ ಸಾಲು, ಹೀಗೆ ಜೋಡಿ ಸಾಲಿನಲ್ಲಿ ಇಡುವುದು ಜಾಣತನ. ಡ್ರಿಪ್ ಇದ್ದವರಿಗೆ ಮತ್ತೊಂದು ತಾಪತ್ರಯ: ಪೈಪಿನ ಆಚೀಚೆ ಮಾತ್ರ ಹಸಿ, ನಡುವೆ ಒಣ. ಅಕ್ಕಡಿ ಆ ಹಸಿಯೊಳಗೇ ಬರಬೇಕು.

ಕಳೆನಾಶಕ ಮೂರನೆಯದು. ಕಬ್ಬಿಗೂ ಗೋವಿನಜೋಳಕ್ಕೂ ಅಟ್ರಾಜಿನ್ ಹೊಡೆಯುವುದು ಮಾಮೂಲು. ಅದನ್ನು ಹೊಡೆದ ಹೊಲದಲ್ಲಿ ಬೇಳೆಕಾಳು, ಉಳ್ಳಾಗಡ್ಡಿ, ಸೊಪ್ಪು ಏಳುವುದಿಲ್ಲ. ಕಬ್ಬಿನ ಮೊದಲ ಮೂರು ತಿಂಗಳು ನಡುವಿನ ಜಾಗ ಖಾಲಿಯೇ ಇರುತ್ತದೆ, ನಾಲ್ಕೈದು ಅಡಿ ಸಾಲು ಬಿಟ್ಟವರು ಉಳ್ಳಾಗಡ್ಡಿ, ಕೊತ್ತಂಬರಿ ಚೆನ್ನಾಗಿ ತೆಗೆಯಬಹುದು. ಆದರೆ ಕಳೆನಾಶಕವೋ ಅಕ್ಕಡಿಯೋ ಅಂತ ನಾಟಿಯ ದಿನವೇ ತೀರ್ಮಾನ ಆಗಿರಬೇಕು.

ಜೊತೆ ಇಡಬಾರದ್ದನ್ನೂ ಹೇಳಿಬಿಡುತ್ತೇನೆ. ಟೊಮೆಟೊ, ಮುಳಗಾಯಿ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಮನೆತನದವು. ಒಂದಕ್ಕೆ ಬಂದ ರೋಗ ಇನ್ನೊಂದಕ್ಕೆ ದಾಟುತ್ತದೆ. ಹತ್ತಿಯ ಜೊತೆ ಬೆಂಡೆಯೂ ಹಾಗೇ, ಎರಡಕ್ಕೂ ಅದೇ ಜಿಗಿಹುಳ, ಅದೇ ಕಾಯಿಕೊರಕ. ಹುಳ ಸೆಳೆಯಲು ಅಂತ ಅಂಚಿಗೆ ನಾಲ್ಕು ಬೆಂಡೆ ಹಾಕಿದರೆ ಆ ಕಾಯಿ ತಿನ್ನುವ ಆಸೆ ಬಿಡಬೇಕು.

ನೀರಿನ ಮಾತು ಮರೆಯಬಾರದು. ವಿಜಯಪುರ, ಬಾಗಲಕೋಟೆ ಕಡೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಹಿಂಗಾರಿಯಲ್ಲಿ ಬರೀ ಮಣ್ಣಿನ ತೇವದ ಮೇಲೆ ಬೆಳೆ ತೆಗೆಯುವಾಗ ಎರಡು ಬಾಯಿಗೆ ನೀರು ಸಾಕಾಗುವುದಿಲ್ಲ. ಬೇರು ಆಳಕ್ಕೆ ಹೋಗುವುದೊಂದು, ಮೇಲೇ ಇರುವುದೊಂದು, ಬೇಗ ಮುಗಿಯುವುದೊಂದು, ತಡವಾಗಿ ಬರುವುದೊಂದು, ಹೀಗೆ ಜೋಡಿ ಹಾಕಿದರೆ ಮಾತ್ರ ನಡೆಯುತ್ತದೆ. ತೊಗರಿ ಮೊದಲ ಎರಡು ತಿಂಗಳು ನಿಧಾನಕ್ಕೆ ಬೆಳೆಯುತ್ತದೆ, ಆ ಹೊತ್ತಿನಲ್ಲಿ ನಡುವೆ ಹೆಸರು ಬಂದು ಹೋಗುತ್ತದೆ. ಇಬ್ಬರ ಜಗಳವೇ ಇಲ್ಲ.

ಹಾಗಾದರೆ ಎರಡೂ ಸೇರಿಸಿದರೆ?

ಸೇರಿಸಬಹುದು, ಜಾಗ ನೋಡಿ. ಬಾದಾಮಿ, ಹುನಗುಂದ ಕಡೆಯ ಮಸಾರಿಯಲ್ಲಿ ಹತ್ತು ಗುಂಟೆ ಕಾಯಿಪಲ್ಯೆ ಇರುವವರು ಮುಳಗಾಯಿ ಗುಣಿಗೆ ಗೊಬ್ಬರ ತುಂಬಿದ ಬಯೋಚಾರ್ ಹಾಕಿ, ನಡುವೆ ಅಲಸಂದಿ ಇಡಲಿ. ಇದ್ದಿಲು ನೀರು ಹಿಡಿಯುತ್ತದೆ, ಅಲಸಂದಿ ಮಣ್ಣು ಮುಚ್ಚುತ್ತದೆ. ಬೇಸಿಗೆ ಬೆಳೆಗೆ ನೀರು ಕೊಡುವ ಅಂತರ ಸ್ವಲ್ಪ ಹಿಗ್ಗುತ್ತದೆ. ಖಾನಾಪುರದ ಹುಳಿ ಮಣ್ಣಿಗೆ ಇದೇ ಜೋಡಿ ಇನ್ನೂ ಚೆನ್ನಾಗಿ ಹೊಂದುತ್ತದೆ, ಯಾಕಂದರೆ ಬೇಳೆಕಾಳಿನ ಗಂಟುಗಳಿಗೂ ಹುಳಿ ಮಣ್ಣು ಆಗಿಬರುವುದಿಲ್ಲ, ಬಯೋಚಾರ್ ಆ ಹುಳಿ ತಗ್ಗಿಸುತ್ತದೆ.

ಎರೆ ಹೊಲದವರು ಬಯೋಚಾರ್ ಆಸೆ ತೀರಿಸಿಕೊಳ್ಳಬೇಕಾದರೆ ಸಸಿ ಮಡಿ ಇದೆ, ಟ್ರೇ ಇದೆ. ತುಂಬುವ ಮಿಶ್ರಣದಲ್ಲಿ ಹತ್ತರಲ್ಲೊಂದು ಪಾಲು ಬಯೋಚಾರ್ ಸಾಕು. ಇಲ್ಲವೇ ತಿಪ್ಪೆಗೆ ಹಾಕಿ, ಗೊಬ್ಬರದ ಸಾರಜನಕ ಗಾಳಿಗೆ ಹೋಗುವುದು ಕಡಿಮೆಯಾಗುತ್ತದೆ. ಹೊಲಕ್ಕೆ ಅದು ಸ್ವಲ್ಪ ಸ್ವಲ್ಪವೇ ಸೇರುವುದರಿಂದ ರಸಸಾರ ಏರುವ ಭಯವೂ ಇಲ್ಲ. ಇನ್ನೊಂದು ಗಮನಿಸಿ, ಬಯೋಚಾರ್ ಹಾಕಿದ ಜಾಗದಲ್ಲಿ ಬಿತ್ತನೆ ಹೊತ್ತಿಗೆ ಹೊಡೆಯುವ ಕಳೆನಾಶಕ ಸರಿಯಾಗಿ ಕೆಲಸ ಮಾಡುವುದಿಲ್ಲ. ಇದ್ದಿಲು ಅದನ್ನೂ ಹೀರಿಕೊಳ್ಳುತ್ತದೆ.

ನಮ್ಮ ಓಣಿಯ ಕಾಕಾ ಒಬ್ಬರು ಇದನ್ನೆಲ್ಲ ಕೇಳಿ, "ತಮ್ಮಾ, ಇದ್ದಲಿ ಸುಡೂದ್ರಾಗ ಒಂದು ದಿನ ಹೋತು, ಕುಟ್ಟೂದ್ರಾಗ ಒಂದು ದಿನ ಹೋತು. ಆ ಎರಡ ದಿನ ತಿಪ್ಪಿ ಮಗುಚಿದ್ರ ಏನಾಗ್ತಿತ್ತು?" ಅಂದರು. ಎರೆ ಹೊಲದ ಮಟ್ಟಿಗೆ ಅವರ ಮಾತಿಗೆ ನನ್ನ ಬಳಿ ಎದುರುತ್ತರ ಇಲ್ಲ. ಅವರ ಹೊಲ ಮಸಾರಿ ಆಗಿದ್ದರೆ ವಾದಿಸುತ್ತಿದ್ದೆ.

ರೆಡಿ ಚೀಲದ ಬಯೋಚಾರ್ ಕೊಳ್ಳುವವರು ಮೂರು ಪ್ರಶ್ನೆ ಕೇಳಿ: ಯಾವುದರಿಂದ ಮಾಡಿದ್ದು, ರಸಸಾರ ಎಷ್ಟು, ಗೊಬ್ಬರ ತುಂಬಿದ್ದೋ ಹಸಿಯೋ. ಉತ್ತರ ಬರದಿದ್ದರೆ ಆ ದುಡ್ಡಿಗೆ ಒಂದು ಟ್ರ್ಯಾಕ್ಟರ್ ತಿಪ್ಪೆ ಗೊಬ್ಬರ ಕೊಳ್ಳಿ.

ಏನೇ ಮಾಡಿದರೂ ಒಮ್ಮೆಲೇ ಇಡೀ ಹೊಲಕ್ಕೆ ಮಾಡಬೇಡಿ. ಒಂದೇ ಮಡಿಯಲ್ಲಿ ನಾಲ್ಕು ಪಟ್ಟಿ ಮಾಡಿ: ಒಂದಕ್ಕೆ ಬರೀ ತಿಪ್ಪೆ ಗೊಬ್ಬರ, ಒಂದಕ್ಕೆ ಗೊಬ್ಬರ ಮತ್ತು ಬಯೋಚಾರ್, ಒಂದಕ್ಕೆ ಗೊಬ್ಬರ ಮತ್ತು ಅಕ್ಕಡಿ, ಒಂದಕ್ಕೆ ಮೂರೂ. ನಾಲ್ಕಕ್ಕೂ ಒಂದೇ ತಳಿ, ಒಂದೇ ದಿನ ನಾಟಿ, ಅಷ್ಟೇ ನೀರು. ಕಾಯಿ ಬಿಡಿಸುವಾಗ ಪಟ್ಟಿವಾರು ತೂಕ ಮಾಡಿ ಗೋಡೆಯ ಮೇಲಾದರೂ ಬರೆದಿಡಿ, ಅಕ್ಕಡಿಯಿಂದ ಬಂದ ದುಡ್ಡನ್ನೂ ಕೂಲಿಯನ್ನೂ ಪಕ್ಕದಲ್ಲೇ ಬರೆಯಿರಿ. ವಿಜಯಪುರದವರಿಗೆ ಹಿಟ್ನಳ್ಳಿಯಲ್ಲಿ, ಬೈಲಹೊಂಗಲ ಕಡೆಯವರಿಗೆ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಬಾಗಲಕೋಟೆಯಲ್ಲಂತೂ 2008 ರಲ್ಲಿ ಶುರುವಾದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಮಣ್ಣು ಪರೀಕ್ಷೆಯ ಚೀಟಿಯನ್ನೂ ಈ ಲೆಕ್ಕವನ್ನೂ ಹಿಡಿದುಕೊಂಡು ಹೋದರೆ ಮಾತಾಡುವುದು ಸುಲಭ. ಮಣ್ಣಿನ ಮಾದರಿಯನ್ನು ಗೊಬ್ಬರ, ಇದ್ದಿಲು ಯಾವುದನ್ನೂ ಹಾಕುವ ಮೊದಲೇ ತೆಗೆಯಿರಿ, ಒಡ್ಡಿನ ಅಂಚು, ಗಿಡದ ನೆರಳು, ಹಿಂದೆ ತಿಪ್ಪೆ ಇದ್ದ ಜಾಗ ಬಿಟ್ಟು ಎಂಟ್ಹತ್ತು ಕಡೆ ಆರು ಇಂಚು ಆಳದಿಂದ.